ನಾಲಗೆಯುಳ್ಳ ವಾದ್ಯಗಳು: ಮುದ್ರಿಕೆಯಲ್ಲಿ ಕೇಳುವ ಬಗೆ

ಹಾಡುಗಾರಿಕೆಯನ್ನು ಕೇಳುವುದಕ್ಕೆ ನಮಗೆ ವಿಶೇಷ ಶಿಕ್ಷಣ ಬೇಕಾಗುವುದಿಲ್ಲ. ಹಾಡಿನಲ್ಲಿ ಸಾಹಿತ್ಯವುಂಟು, ರಾಗ ತಿಳಿಯದವನನ್ನೂ ಮಾತು ಕೈಹಿಡಿದು ನಡೆಸುತ್ತದೆ. ವಾದ್ಯಸಂಗೀತದಲ್ಲಿ ಆ ಆಸರೆಯಿಲ್ಲ. ಅದರಲ್ಲಿಯೂ ಊದುವ ವಾದ್ಯವಾದರೆ, ರೇಡಿಯೋದ ಮುಂದೆ ಕುಳಿತು ಅದನ್ನು ಕೊನೆಯವರೆಗೆ ಕೇಳುವುದು ಅನೇಕರಿಗೆ ಕಷ್ಟವೆನಿಸುತ್ತದೆ. ಮಂಗಳವಾದ್ಯ ಮುಗಿಯುವವರೆಗೆ ಧ್ವನಿಯನ್ನು ತಗ್ಗಿಸಿಟ್ಟು, ವಾರ್ತೆಗೆ ಸರಿಯಾಗಿ ಏರಿಸುವ ಮನೆಗಳು ನಮ್ಮಲ್ಲಿ ಕಡಮೆಯಿಲ್ಲ. “ವಾಲಗ ಚಪ್ಪರದಲ್ಲಿ ಚೆನ್ನ, ಚಾವಡಿಯಲ್ಲಿ ಏಕೆ?” ಎಂದು ಕೇಳುವವರೂ ಉಂಟು.

ಈ ಪ್ರಶ್ನೆ ಅನುಚಿತವಾದದ್ದೇನಲ್ಲ. ನಾಗಸ್ವರ ಬಯಲಿನ ವಾದ್ಯ. ದೇವಾಲಯದ ಅಂಗಳದಲ್ಲಿ ಬಲಿ ಹೊರಟಾಗ, ಮದುವೆಯಲ್ಲಿ ಧಾರೆ ಎರೆಯುವಾಗ, ದೈವದ ನೇಮದ ಗದ್ದೆಯಲ್ಲಿ ಅದರ ಧ್ವನಿ ಜನರ ಮಾತು, ಡೋಲಿನ ಪೆಟ್ಟು, ಗಂಟೆಯ ಸದ್ದುಗಳ ನಡುವಿನಿಂದ ಮೇಲೆದ್ದು ಬರುತ್ತದೆ. ಮುದ್ರಿಕೆಯಲ್ಲಿ ಇವೊಂದೂ ಇರುವುದಿಲ್ಲ. ಉತ್ಸವವಿಲ್ಲ, ಬೆಳಕಿಲ್ಲ, ಬಂಧುಗಳಿಲ್ಲ. ಬರಿಯ ನಾದ ಉಳಿದಿರುತ್ತದೆ. ಹೀಗೆ ಒಂಟಿಯಾಗಿ ಬಂದ ನಾದವನ್ನು ಎಲ್ಲಿ ಹಿಡಿಯಬೇಕು, ಹೇಗೆ ಹಿಂಬಾಲಿಸಬೇಕು ಎಂಬುದನ್ನು ತಿಳಿದುಕೊಂಡರೆ ಚಾವಡಿಯೂ ಅದಕ್ಕೆ ಯೋಗ್ಯವಾದ ಸ್ಥಳವೇ ಆಗುತ್ತದೆ. ಆ ವಿಷಯವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಧ್ವನಿ ಹುಟ್ಟುವ ಬಗೆಯನ್ನು ನೋಡಬೇಕು. ಕೊಳಲಿನಲ್ಲಿ ಉಸಿರು ರಂಧ್ರದ ಅಂಚಿಗೆ ತಾಗಿ ನಾದವಾಗುತ್ತದೆ. ನಾಗಸ್ವರದ ಬಾಯಲ್ಲಾದರೋ ಒಂದು ನಾಲಗೆ ಇದೆ. ಅದನ್ನು ಸೀವಾಳಿ ಎನ್ನುತ್ತಾರೆ. ಹದಮಾಡಿದ ಜೊಂಡಿನ ಎರಡು ಎಸಳುಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿದ್ದು ಇದು. ವಾದಕನ ತುಟಿಗಳ ನಡುವೆ ಇದು ನೆನೆದು, ಉಸಿರಿನ ರಭಸಕ್ಕೆ ತೆರೆದು ಮುಚ್ಚಿ ಅದುರುತ್ತದೆ. ನಾಗಸ್ವರಕ್ಕೆ ದಾರದಿಂದ ಕಟ್ಟಿ ತೂಗಬಿಟ್ಟ ನಾಲ್ಕಾರು ಸಣ್ಣ ವಸ್ತುಗಳನ್ನು ತಾವು ನೋಡಿರಬಹುದು. ಅವು ಅಲಂಕಾರವಲ್ಲ; ಬದಲಿ ಸೀವಾಳಿಗಳು ಮತ್ತು ಅವನ್ನು ತಿದ್ದುವ ಕಡ್ಡಿ. ಸ್ಯಾಕ್ಸೊಫೋನಿಗೆ ಇಂಥ ಜೊಂಡಿನ ಎಸಳು ಒಂದೇ. ಹಾರ್ಮೋನಿಯಂನಲ್ಲಿಯೂ ನಾಲಗೆಗಳಿವೆ, ಆದರೆ ಅವು ಹಿತ್ತಾಳೆಯವು, ಒಂದೊಂದು ಸ್ವರಕ್ಕೆ ಒಂದೊಂದರಂತೆ ಪೆಟ್ಟಿಗೆಯೊಳಗೆ ಅಡಗಿರುತ್ತವೆ, ತಿದಿಯ ಗಾಳಿ ಅವನ್ನು ಅದುರಿಸುತ್ತದೆ.

ಈ ವಾದ್ಯಗಳನ್ನು ಕೇಳುವ ಕ್ರಮವನ್ನು ಹೇಳುವಾಗ, ಹೋಲಿಕೆಗಾಗಿ ದೂರದ ಐರ್ಲೆಂಡ್ ದೇಶದ ಎರಡು ವಾದ್ಯಗಳನ್ನೂ ಜೊತೆಗೆ ಇಟ್ಟುಕೊಳ್ಳುತ್ತೇನೆ. ಅವುಗಳ ಹಳೆಯ ಮುದ್ರಿಕೆಗಳು ಇಂದು ಅಂತರ್ಜಾಲದಲ್ಲಿ ಯಾರಿಗಾದರೂ ಕೇಳಸಿಗುತ್ತವೆ. ಅಲ್ಲದೆ, ಪರಿಚಯವಿಲ್ಲದ ಸಂಗೀತದ ಮುಂದೆ ಕಿವಿ ಹೆಚ್ಚು ಎಚ್ಚರವಾಗಿರುತ್ತದೆ. ಅಲ್ಲಿ ಕಲಿತದ್ದು ನಮ್ಮದನ್ನು ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ಅವುಗಳಲ್ಲಿ ಒಂದು ಇಲಿನ್ ಪೈಪ್. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ನಮ್ಮ ಸೈನಿಕರು ನಡೆಯುತ್ತ ಊದುವ ಚೀಲದ ವಾದ್ಯವನ್ನು ತಾವು ಬಲ್ಲಿರಿ. ಅದು ಸ್ಕಾಟ್ಲೆಂಡಿನ ಬಗೆಯದು. ಬಾಯಿಂದ ಊದುವಂಥದು, ಗಟ್ಟಿ ಧ್ವನಿಯದು. ಐರ್ಲೆಂಡಿನದನ್ನು ಕುಳಿತು ನುಡಿಸುತ್ತಾರೆ, ಬಾಯಿಂದ ಊದುವುದಿಲ್ಲ. ಒಂದು ಮೊಣಕೈಯ ಕೆಳಗೆ ಸಣ್ಣ ತಿದಿ, ಇನ್ನೊಂದರ ಕೆಳಗೆ ಚೀಲ. ಇಲಿನ್ ಎಂಬ ಹೆಸರು ಆ ದೇಶದ ಭಾಷೆಯಲ್ಲಿ ಮೊಣಕೈಯೆಂಬ ಅರ್ಥದ ಮಾತಿನಿಂದ ಬಂದದ್ದು. ಬೆರಳಾಡಿಸುವ ಕೊಳವೆ ಒಂದು, ಸದಾ ಒಂದೇ ಸ್ವರವನ್ನು ಹಿಡಿದಿರುವ ಕೊಳವೆಗಳು ಮೂರು, ಮಣಿಕಟ್ಟಿನಿಂದ ಒತ್ತಿ ಸ್ವರಮೇಳವನ್ನು ಹೊರಡಿಸುವ ಕೊಳವೆಗಳು ಮತ್ತೆ ಮೂರು. ಬಾಯಿಯ ತೇವ ತಾಗದ ಒಣ ನಾಲಗೆಗಳಾದುದರಿಂದ ಧ್ವನಿ ಮೃದುವಾಗಿ, ಕೋಣೆಯೊಳಗೆ ಕೇಳುವುದಕ್ಕೆ ತಕ್ಕಂತೆ ಇರುತ್ತದೆ.

ಎರಡನೆಯದು ಕಾನ್ಸರ್ಟಿನಾ. ಇದನ್ನು ಕೈಯಲ್ಲಿ ಹಿಡಿಯುವ, ಆರು ಮೂಲೆಯ ಪುಟ್ಟ ಹಾರ್ಮೋನಿಯಂ ಎನ್ನಬಹುದು. ನಡುವೆ ತಿದಿ, ಎರಡು ಬದಿಗಳಲ್ಲಿ ಗುಂಡಿಗಳು. ಇದನ್ನು ಇಂಗ್ಲೆಂಡಿನಲ್ಲಿ ಮೊದಲು ರೂಪಿಸಿದವನು ಚಾರ್ಲ್ಸ್ ವೀಟ್‌ಸ್ಟೋನ್. ತಮ್ಮ ಮಕ್ಕಳು ಭೌತವಿಜ್ಞಾನದ ಪುಸ್ತಕದಲ್ಲಿ ಓದುವ ವೀಟ್‌ಸ್ಟೋನ್ ಸೇತುವೆಗೆ ಹೆಸರು ಬಂದದ್ದು ಇವನಿಂದಲೇ. ಜರ್ಮನಿಯ ಕೆಮ್ನಿಟ್ಸ್ ಪಟ್ಟಣದ ಊಲಿಗ್ ಎಂಬವನು 1834ರ ಸುಮಾರಿಗೆ ಇನ್ನೊಂದು ಬಗೆಯದನ್ನು ಮಾಡಿದನು. ಆ ಬಗೆಯಲ್ಲಿ ಒಂದೇ ಗುಂಡಿ ತಿದಿಯನ್ನು ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು ಸ್ವರ. ಐರ್ಲೆಂಡಿನ ಹಳ್ಳಿಗಳಲ್ಲಿ ನೆಲೆನಿಂತದ್ದು ಈ ಎರಡನೆಯ ಬಗೆಯಿಂದ ಬೆಳೆದ ವಾದ್ಯ.

ಇನ್ನು ಕೇಳುವ ಕ್ರಮಕ್ಕೆ ಬರೋಣ. ಮೊದಲನೆಯದಾಗಿ ಶ್ರುತಿಯನ್ನು ಹುಡುಕಬೇಕು. ರಾಗ ಯಾವುದು, ಕೃತಿ ಯಾರದು ಎಂಬ ವಿಚಾರ ಆಮೇಲೆ. ನಾಗಸ್ವರದ ಹಿಂದೆ ಬಿಡದೆ ಒಂದೇ ಸ್ವರವನ್ನು ಹಿಡಿದಿರುವ ವಾದ್ಯಕ್ಕೆ ಒತ್ತು ಎಂದು ಹೆಸರು. ಒತ್ತು ಊದುವವನು ಮೂಗಿನಿಂದ ಉಸಿರನ್ನೆಳೆಯುತ್ತ, ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಹೊರಬಿಡುತ್ತ, ನಾದ ಕಡಿಯದಂತೆ ನೋಡಿಕೊಳ್ಳುತ್ತಾನೆ. ನಮ್ಮ ಯಕ್ಷಗಾನದಲ್ಲಿ ಹಿಂದೆ ಸೋರೆಬುರುಡೆಯ ಪುಂಗಿ ಈ ಕೆಲಸವನ್ನು ಮಾಡುತ್ತಿತ್ತು. ಅನಂತರ ಹಾರ್ಮೋನಿಯಂ ಬಂತು, ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದಿದೆ. ಐರಿಷ್ ವಾದ್ಯದಲ್ಲಿ ಆ ಕೆಲಸ ಮೂರು ಕೊಳವೆಗಳದು. ಮುದ್ರಿಕೆ ಆರಂಭವಾದೊಡನೆ ಆ ಸ್ವರವನ್ನು ಗುರುತಿಸಿ, ತುಟಿ ಮುಚ್ಚಿ ಮೆಲ್ಲನೆ ಗುನುಗಿರಿ. ಒಂದೆರಡು ನಿಮಿಷಗಳಲ್ಲಿ ಅದು ಕಿವಿಗೆ ನೆಲದಂತಾಗುತ್ತದೆ. ಬಳಿಕ ಪ್ರಧಾನ ವಾದ್ಯ ಆ ನೆಲದಿಂದ ಎಷ್ಟು ದೂರ ಹೋಯಿತು, ಯಾವಾಗ ಮರಳಿತು ಎಂಬುದು ತಾನಾಗಿ ತಿಳಿಯುತ್ತದೆ. ಆಲಾಪನೆಯ ಸುಖದಲ್ಲಿ ಅರ್ಧಪಾಲು ಈ ಹೋಗುವಿಕೆ, ಮರಳುವಿಕೆಗಳಲ್ಲಿಯೇ ಇದೆ.

ಎರಡನೆಯದಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಗಮನಿಸಬೇಕು. ನಾಗಸ್ವರದಲ್ಲಿ ಬೆರಳಿಡುವ ರಂಧ್ರಗಳು ಏಳು. ಅವಕ್ಕೆ ಕೀಲಿಗಳಿಲ್ಲ. ರಂಧ್ರವನ್ನು ಪೂರ್ತಿ ತೆರೆದೋ, ಅರ್ಧ ತೆರೆದೋ, ಉಸಿರಿನ ಒತ್ತಡವನ್ನು ಏರಿಸಿ ಇಳಿಸಿಯೋ ವಾದಕನು ಸ್ವರವನ್ನು ಬೇಕಾದಂತೆ ಜಾರಿಸುತ್ತಾನೆ, ತೂಗುತ್ತಾನೆ. ಇದೇ ಗಮಕ. ಸ್ವರವನ್ನು ಬಿಡಿಬಿಡಿಯಾಗಿ ನುಡಿಸಬೇಕಾದಾಗ ನಾಲಗೆಯಿಂದ ಸೀವಾಳಿಯನ್ನು ತಡೆದು ತಡೆದು ಬಿಡುತ್ತಾನೆ. ಇದಕ್ಕೆ ತುತ್ತುಕಾರವೆಂದು ಹೆಸರು. ಚೀಲದ ವಾದ್ಯದಲ್ಲಿ ಬಾಯಿಯೇ ತಾಗದುದರಿಂದ ಈ ಉಪಾಯ ಸಾಧ್ಯವಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಇನ್ನೊಂದು ಸ್ವರವನ್ನು ಕಣ್ಣೆವೆ ಇಕ್ಕುವಷ್ಟು ಹೊತ್ತು ಚಿಮ್ಮಿಸುತ್ತಾರೆ. ಇಲ್ಲವೆ ಕೊಳವೆಯ ತುದಿಯನ್ನು ತೊಡೆಗೆ ಒತ್ತಿ ಗಾಳಿಯನ್ನು ತಡೆಯುತ್ತಾರೆ. ಮೊದಲ ಸಲ ಕೇಳುವವರಿಗೆ ಈ ಚಿಮ್ಮುಗಳು ತೊಡಕಿನಂತೆ ತೋರಬಹುದು. ಅವು ಅಲ್ಲಿಯ ಅಕ್ಷರವಿಂಗಡಣೆಯೆಂದು ತಿಳಿದ ಮೇಲೆ ಸಂಗೀತ ಸ್ಪಷ್ಟವಾಗುತ್ತದೆ. ಛಂದಸ್ಸಿನ ಪಾಠದಲ್ಲಿ ಯತಿಯನ್ನು ಕಂಡುಕೊಂಡ ವಿದ್ಯಾರ್ಥಿಗೆ ಪದ್ಯ ತಾನಾಗಿ ಬಿಡಿಸಿಕೊಳ್ಳುವುದನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಇದೂ ಅದೇ ಬಗೆಯದು.

ಮೂರನೆಯದು ಲಯ. ಕಾನ್ಸರ್ಟಿನಾ, ಹಾರ್ಮೋನಿಯಂಗಳಲ್ಲಿ ಸ್ವರಗಳು ಅಚ್ಚುಹೊಯ್ದಂತೆ ಸ್ಥಿರ. ಜಾರು, ಕಂಪನಗಳು ಅಲ್ಲಿ ಸಾಧ್ಯವಿಲ್ಲ. ಈ ಕಾರಣವನ್ನು ಮುಂದಿಟ್ಟುಕೊಂಡೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ನಿಷೇಧದ ಹಿಂದಿನ ದೂರು ನಿರಾಧಾರವಾದದ್ದಲ್ಲ. ಆದರೆ ಗಮಕವಿಲ್ಲದ ವಾದ್ಯಕ್ಕೆ ಬೇರೊಂದು ಬಲವಿರುತ್ತದೆ. ಒಂದೊಂದು ಸ್ವರವೂ ಚುರುಕಾಗಿ ಎದ್ದು ನಿಲ್ಲುವುದರಿಂದ ಲಯ ತೀಕ್ಷ್ಣವಾಗುತ್ತದೆ. ಕಾನ್ಸರ್ಟಿನಾದಲ್ಲಿ ತಿದಿಯನ್ನು ಒತ್ತಿ ಎಳೆಯುವ ಚಲನೆಯಿಂದಲೇ ಒಂದು ಕುಣಿತ ಹುಟ್ಟುತ್ತದೆ. ಐರಿಷ್ ಸಂಗೀತದ ಬಹುಭಾಗ ನೃತ್ಯಕ್ಕೆ ಸೇರಿದ್ದು. ಅದರಲ್ಲಿ ರೀಲ್ ಎಂಬುದಕ್ಕೆ ‘ತಕಧಿಮಿ ತಕಧಿಮಿ’ ಎಂದು ಹೇಳಿ ನೋಡಿರಿ, ಸರಿಹೊಂದುತ್ತದೆ. ಜಿಗ್ ಎಂಬುದಕ್ಕೆ ‘ತಕಿಟ ತಕಿಟ’ ಎನ್ನಿರಿ. ಒಂದು ಚರಣ ಎರಡು ಸಲ, ಮುಂದಿನ ಚರಣ ಎರಡು ಸಲ, ಮತ್ತೆ ಮೊದಲಿನಿಂದ, ಎಂಬುದು ಸಾಮಾನ್ಯವಾದ ಕಟ್ಟು. ಎಣಿಕೆ ಸಿಕ್ಕಿದರೆ ಪರದೇಶದ ಸಂಗೀತವೂ ಮನೆಯ ಹುಡುಗರ ಕಾಲಿಗೆ ತಾಗುತ್ತದೆ.

ಈ ಮೂರನ್ನು ಒಂದೇ ಸಲಕ್ಕೆ ಹಿಡಿಯಲು ಹೋಗಬಾರದು. ಮುದ್ರಿಕೆಯ ದೊಡ್ಡ ಅನುಕೂಲವೆಂದರೆ ಅದನ್ನು ಮತ್ತೆ ಕೇಳಬಹುದು. ಮೊದಲ ಸಲ ಶ್ರುತಿಗಾಗಿ, ಎರಡನೆಯ ಸಲ ಸ್ವರದ ದಾರಿಗಾಗಿ, ಮೂರನೆಯ ಸಲ ಲಯಕ್ಕಾಗಿ ಕೇಳಿರಿ. ಹಳೆಯ ಮುದ್ರಿಕೆಗಳು ಇದಕ್ಕೆ ಬಹಳ ಒಳ್ಳೆಯವು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಸಾಮಾನ್ಯ ತಟ್ಟೆಯ ಒಂದು ಮುಖದಲ್ಲಿ ಸುಮಾರು 3 ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ತಿರುವಾವಡುತುರೈ ರಾಜರತ್ನಂ ಪಿಳ್ಳೆಯವರು (1898–1956) ತೋಡಿಯನ್ನು ಉತ್ಸವಗಳಲ್ಲಿ ಗಂಟೆಗಟ್ಟಲೆ ವಿಸ್ತರಿಸುತ್ತಿದ್ದವರು. ಮುದ್ರಿಕೆಗಾಗಿ ಅವರು ಅದರ ಸಾರವನ್ನು ನಿಮಿಷಗಳಿಗೆ ಇಳಿಸಬೇಕಾಯಿತು. ಆ ಬಿಗಿಯಿಂದಲೇ ಅದು ಕಲಿಯುವ ಕಿವಿಗೆ ಒಂದು ಪಾಠದಂತಿದೆ. ಮೂರು ಸಲ ಕೇಳಿದರೂ ಹತ್ತು ನಿಮಿಷ ಹೆಚ್ಚಾಗದು.

ಇನ್ನೊಂದು ವ್ಯಾವಹಾರಿಕ ಸೂಚನೆ. ನಾಗಸ್ವರವನ್ನು ಹತ್ತಿರದಿಂದ ಕೇಳಬೇಡಿರಿ. ಬಯಲಿನ ವಾದ್ಯಕ್ಕೆ ನಡುವೆ ಸ್ವಲ್ಪ ಗಾಳಿ ಬೇಕು. ರೇಡಿಯೋವನ್ನು ಚಾವಡಿಯಲ್ಲಿಟ್ಟು ತಾವು ಜಗಲಿಯಲ್ಲಿಯೋ ಅಂಗಳದಲ್ಲಿಯೋ ಕುಳಿತರೆ ಅದರ ಕರ್ಕಶವೆನಿಸುವ ಅಂಚು ಕರಗಿ, ನಾದದ ತಿರುಳು ಬರುತ್ತದೆ. ಐರಿಷ್ ಪೈಪಿಗೆ ಇದಕ್ಕೆ ವಿರುದ್ಧವಾದ ಕ್ರಮ: ಸಣ್ಣ ಧ್ವನಿಯಲ್ಲಿ, ಹತ್ತಿರದಲ್ಲಿ ಕೇಳಬೇಕು. ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರಗಳಲ್ಲಿ ನಾಗಸ್ವರ ಕೇಳಿ ತಲೆನೋವೆಂದು ದೂರುವವರು ದೋಷವನ್ನು ವಾದ್ಯದ ಮೇಲೆ ಹೊರಿಸುವುದು ನ್ಯಾಯವಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ತಾಲೂಕಿನದೇ ಒಂದು ಉದಾಹರಣೆಯನ್ನು ನೋಡಬಹುದು. ಕದ್ರಿ ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, ಮಾಣಿಯಿಂದ ಬಹುದೂರವೇನಲ್ಲ. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನ ಮೊದಲ ವಿದ್ಯೆಯೂ ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ಅವರು ಅದನ್ನೇ ತಮ್ಮ ವಾದ್ಯವಾಗಿ ಮಾಡಿಕೊಂಡರು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವನು 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಲೋಹವಾದ್ಯವದು. ಅದರ ಕೀಲಿಗಳು ಒಂದೊಂದು ಸ್ವರವನ್ನು ಮೆಟ್ಟಿಲಿನಂತೆ ಬೇರ್ಪಡಿಸುತ್ತವೆ. ಗಮಕಕ್ಕೆ ಮೆಟ್ಟಿಲು ಒಗ್ಗದು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ವಾದ್ಯದಲ್ಲಿಯೂ ಬೇಕಾದ ಮಾರ್ಪಾಟುಗಳನ್ನು ಮಾಡಿಕೊಂಡು, ವರ್ಷಗಟ್ಟಲೆ ಸಾಧನೆಯಿಂದ ಅವರು ಆ ಮೆಟ್ಟಿಲುಗಳನ್ನು ಜಾರುಹಾದಿಯಾಗಿ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು; 2004ರಲ್ಲಿ ಪದ್ಮಶ್ರೀ ಪಡೆದರು; 2019ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಅವರ ಒಂದು ಮುದ್ರಿಕೆಯನ್ನೂ ಒಂದು ನಾಗಸ್ವರದ ಮುದ್ರಿಕೆಯನ್ನೂ, ಸಾಧ್ಯವಾದರೆ ಒಂದೇ ರಾಗದ್ದನ್ನು, ಒಂದರ ಹಿಂದೊಂದು ಕೇಳಿ ನೋಡಿರಿ. ಎರಡು ವಾದ್ಯಗಳ ಒಡಲೂ ಬಾಯಿಯ ಕಡೆ ಕಿರಿದಾಗಿ, ತುದಿಯ ಕಡೆ ಅಗಲವಾಗುತ್ತ ಹೋಗುವಂಥದು. ಧ್ವನಿಯಲ್ಲಿ ಸಂಬಂಧಿಗಳೆನಿಸಲು ಇದೂ ಒಂದು ಕಾರಣ. ಆದರೂ ನಾಗಸ್ವರದಲ್ಲಿ ಸ್ವರ ಹುಟ್ಟುವ ಕ್ಷಣದಲ್ಲಿ ಒಂದು ಹೊಳಪು, ಒಂದು ಚೂಪು ಇದೆ; ಸ್ಯಾಕ್ಸೊಫೋನಿನ ಸ್ವರ ದುಂಡಾಗಿ, ಅಂಚು ಮೆತ್ತಗಾಗಿ ಬರುತ್ತದೆ. ಈ ಭೇದ ಒಮ್ಮೆ ಕಿವಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಈ ಭೇದವನ್ನು ತಿಳಿಯುವುದು ಕೇವಲ ವಿನೋದದ ಮಾತಲ್ಲ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ಮದುವೆ, ನೇಮ, ಜಾತ್ರೆಗಳಲ್ಲಿ ಈಗ ಸ್ಯಾಕ್ಸೊಫೋನೇ ಹೆಚ್ಚಾಗಿ ಕೇಳಿಸುತ್ತಿದೆ. ಅದನ್ನು ಚೆನ್ನಾಗಿ ನುಡಿಸುವ ತರುಣ ತರುಣಿಯರು ಅನೇಕರಿದ್ದಾರೆ. ಅವರಿಂದ ಹಲವು ಮನೆಗಳಿಗೆ ಅನ್ನವಾಗಿದೆ. ಇದರಲ್ಲಿ ದೂರುವಂಥದೇನೂ ಇಲ್ಲ. ಆದರೆ ಅದೇ ವೇಗದಲ್ಲಿ ನಾಗಸ್ವರ ಹಿಂದೆ ಸರಿದಿದೆ. ಶಾಲೆಗೆ ಬರುವ ಮಕ್ಕಳಲ್ಲಿ ಸ್ಯಾಕ್ಸೊಫೋನನ್ನೇ ‘ವಾಲಗ’ ಎಂದು ತಿಳಿದವರು ಇದ್ದಾರೆ. ಮಗುವಿನ ಕಿವಿಗೆ ಬೀಳದ ಧ್ವನಿಯನ್ನು ಮುಂದೆ ಆ ಮಗು ಮನೆಯ ಶುಭಕಾರ್ಯಕ್ಕೆ ಕರೆಸುವುದೆಂದು ನಿರೀಕ್ಷಿಸುವುದು ಹೇಗೆ? ಕರೆಯುವವರಿಲ್ಲದಿದ್ದರೆ ಕಲಿಯುವವರು ಎಲ್ಲಿಂದ ಬರಬೇಕು?

ಐರ್ಲೆಂಡಿನಲ್ಲಿಯೂ ಇಂಥದೇ ಸಂಕಟ ಬಂದಿತ್ತು. ಕಳೆದ ಶತಮಾನದ ನಡುವಿನ ಹೊತ್ತಿಗೆ ಇಲಿನ್ ಪೈಪ್ ನುಡಿಸುವವರು ವಿರಳರಾಗಿದ್ದರು. ಅಲ್ಲಿ ರೇಡಿಯೋ ಒಂದು ದೊಡ್ಡ ಕೆಲಸವನ್ನು ಮಾಡಿತು. ಸ್ವತಃ ಪೈಪ್ ವಾದಕರಾಗಿದ್ದ ಶೇಮಸ್ ಎನಿಸ್ (1919–1982) 1947ರಲ್ಲಿ ಅಲ್ಲಿಯ ರೇಡಿಯೋ ನಿಲಯವನ್ನು ಸೇರಿ, ಮುದ್ರಣಯಂತ್ರದೊಂದಿಗೆ ಹಳ್ಳಿಹಳ್ಳಿ ತಿರುಗಿ, ಹಾಡು ವಾದ್ಯಗಳನ್ನು ಸಂಗ್ರಹಿಸಿದರು, 1951ರಿಂದ ಬಿ.ಬಿ.ಸಿ.ಗಾಗಿಯೂ ಅದೇ ಕೆಲಸವನ್ನು ಮಾಡಿದರು. ಮುಂದೆ ಕಿಯೆರಾನ್ ಮ್ಯಾಕ್ ಮಹೂನ ಎಂಬವರು ಕ್ಲೇರ್ ಪ್ರಾಂತದಲ್ಲಿ ಸುತ್ತಿದರು. ಅಲ್ಲಿಯ ಕಿಲ್‌ರಷ್ ಪಟ್ಟಣದ ಎಲಿಜಬೆತ್ ಕ್ರಾಟಿ (1885–1960) ಎಂಬ ವೃದ್ಧೆಯ ಕಾನ್ಸರ್ಟಿನಾ ವಾದನ ಅವರ ಮೂಲಕ ದೇಶಕ್ಕೆಲ್ಲ ಕೇಳಿಸಿತು. ನೆರೆಯವರಿಗಷ್ಟೇ ಗೊತ್ತಿದ್ದ ಆಕೆ ತನ್ನ ಎಪ್ಪತ್ತರ ವಯಸ್ಸಿನಲ್ಲಿ ಮನೆಮನೆಯ ಮಾತಾದಳು. 1968ರಲ್ಲಿ ಪೈಪ್ ವಾದಕರೇ ಸೇರಿ ಒಂದು ಸಂಘವನ್ನು ಕಟ್ಟಿ, ವಾದ್ಯ ತಯಾರಿಕೆಯನ್ನೂ ಪಾಠವನ್ನೂ ಬೆಳೆಸಿದರು. 2017ರಲ್ಲಿ ಯುನೆಸ್ಕೋ ಸಂಸ್ಥೆ ಈ ವಾದನವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮುದ್ರಿಕೆ ಒಂದರಿಂದಲೇ ಇದೆಲ್ಲ ಆಯಿತೆನ್ನಲಾಗದು. ಮುದ್ರಿಕೆಯನ್ನು ಕೇಳಿದ ಜನ, ಬದುಕಿದ್ದ ವಾದಕರ ಬಾಗಿಲಿಗೆ ಹೋದರು, ಅದರಿಂದ ಆಯಿತು.

ನಮ್ಮ ಮನೆಗಳಿಂದಲೂ ಇಷ್ಟು ಕೆಲಸ ಆಗಬಹುದು. ಮಂಗಳವಾದ್ಯದ ಕಾರ್ಯಕ್ರಮವನ್ನು ವಾರಕ್ಕೊಮ್ಮೆಯಾದರೂ ಬೇರೆ ಕೆಲಸಗಳನ್ನು ಬಿಟ್ಟು, ಮಕ್ಕಳನ್ನು ಜೊತೆಗಿಟ್ಟುಕೊಂಡು ಕೇಳಿರಿ. ಮನೆಯ ಮದುವೆಗೆ ಸಾಧ್ಯವಾದರೆ ನಾಗಸ್ವರದವರನ್ನು ಕರೆಸಿರಿ. ಕರೆಸಿದ ಮೇಲೆ ಧ್ವನಿವರ್ಧಕದ ಹಾಡುಗಳನ್ನು ಕಾಲುಗಂಟೆ ನಿಲ್ಲಿಸಿ, ಅವರಿಗೆ ಇಷ್ಟವಾದ ಒಂದು ರಾಗವನ್ನು ಪೂರ್ತಿ ನುಡಿಸಲು ಅವಕಾಶ ಕೊಡಿರಿ. ಊಟದ ಎಲೆ ಹಾಕುವ ಗಲಾಟೆಯಲ್ಲಿ ಯಾರೂ ಕೇಳದೆ ನುಡಿಸಬೇಕಾಗುವುದು ಕಲಾವಿದನಿಗೆ ದೊಡ್ಡ ಸಂಕಟ. ಊರಿನಲ್ಲಿ ಹಿರಿಯ ವಾದಕರಿದ್ದರೆ ಅವರ ಒಪ್ಪಿಗೆ ಪಡೆದು, ಉಚಿತವಾದ ಸಂಭಾವನೆಯನ್ನು ಕೊಟ್ಟು, ಅವರ ವಾದನವನ್ನು ಮುದ್ರಿಸಿಕೊಳ್ಳಿರಿ. ಇಂದು ಅಂಗೈಯಲ್ಲಿರುವ ದೂರವಾಣಿಯೇ ಅದಕ್ಕೆ ಸಾಕು. ಮುದ್ರಿಸಿದೊಡನೆ ವಾದಕರ ಹೆಸರು, ಊರು, ದಿನಾಂಕ, ರಾಗ, ಜೊತೆಗೆ ಡೋಲು ಮತ್ತು ಶ್ರುತಿಗೆ ಕುಳಿತವರ ಹೆಸರು, ಇಷ್ಟನ್ನು ತಪ್ಪದೆ ಬರೆದಿಡಿರಿ. ಹೆಸರಿಲ್ಲದ ಮುದ್ರಿಕೆ ವಿಳಾಸವಿಲ್ಲದ ಕಾಗದದಂತೆ. ಎಷ್ಟು ಚೆನ್ನಾಗಿದ್ದರೂ ಮುಂದಿನವರಿಗೆ ತಲುಪುವುದಿಲ್ಲ.

ಸೀವಾಳಿಯನ್ನು ನೆನೆಸಿ, ತಿದ್ದಿ, ಹದಕ್ಕೆ ತಂದು, ಆಮೇಲೆ ವಾದಕನು ಮೊದಲ ಸ್ವರವನ್ನು ಊದುತ್ತಾನೆ. ಅಷ್ಟು ಸಿದ್ಧತೆಯಿಂದ ಬಂದ ಸ್ವರಕ್ಕೆ ಕೇಳುವವರಿಂದಲೂ ಒಂದಿಷ್ಟು ಸಿದ್ಧತೆ ಸಲ್ಲಬೇಕು. ಮುಂದಿನ ಸಲ ರೇಡಿಯೋದಲ್ಲಿ ನಾಗಸ್ವರ ಬಂದಾಗ ಧ್ವನಿಯನ್ನು ತಗ್ಗಿಸುವ ಮೊದಲು, ಅದರ ಹಿಂದಿರುವ ಶ್ರುತಿಯನ್ನು ಒಮ್ಮೆ ಹುಡುಕಿ ನೋಡಿರಿ.